ದಯವಿಟ್ಟು ಹೆಸರು ಬರೆಸಬೇಡಿ

ನನ್ನ ಹತ್ತಿರ ಒಂದು ಬಿಳಿ ಟೀ ಶರ್ಟ್ ಇದೆ. ನಾನೊಬ್ಬ ಜೀವ ಉಳಿಸುವವನು ಅಂತ ಎದೆ ಮೇಲೆ ಇಂಗ್ಲಿಷಿನಲ್ಲಿ ಕೆಂಪಗೆ ಬರೆದಿದೆ. 2016ರಲ್ಲಿ ಆಫೀಸಿನ ಕೆಫೆಟೇರಿಯಾದಲ್ಲಿ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ನಡೆದಾಗ ಕೊಟ್ಟದ್ದು. ಈಗ ಅದರಲ್ಲಿ ಬೈಕ್ ಒರೆಸುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೀತಾ ಇದೀನಿ.

ಅವತ್ತು ಶುಕ್ರವಾರ. ಊಟ ಮುಗಿಸಿ ಲಿಫ್ಟ್ ಕಡೆ ಹೋಗುತ್ತಿದ್ದವನನ್ನು ಎಚ್‌ಆರ್ ಹುಡುಗಿ ಕರೆದು ಕೂರಿಸಿದಳು. ಒಂದು ಫಾರಂ ತುಂಬಬೇಕು, ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆ ಒಳಗೆ ಆಡಿಸಿ ಕವರಿಗೆ ಹಾಕಬೇಕು. “ಐದೇ ನಿಮಿಷ ಸರ್, ರಕ್ತ ಕೂಡ ತೆಗೆಯಲ್ಲ, ಒಂದ್ ಜೀವ ಉಳಿಸ್ಬೋದು” ಅಂದರು. ಸಹಿ ಹಾಕಿದೆ. ಹಾಕುವ ಮುಂಚೆ ಓದಿದೆನಾ? ಇಲ್ಲ. ಆಪ್ ಇನ್‌ಸ್ಟಾಲ್ ಮಾಡುವಾಗ ಷರತ್ತುಗಳಿಗೆ ಒಪ್ಪಿಗೆ ಒತ್ತುತ್ತೀವಲ್ಲ, ಹಂಗೆ ಒತ್ತಿದೆ. ಟೀ ಶರ್ಟ್ ಹಾಕ್ಕೊಂಡು ಹೆಬ್ಬೆರಳೆತ್ತಿ ನಿಂತ ಫೋಟೋಗೆ ಫೇಸ್‌ಬುಕ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ಲೈಕು ಬಂತು. ‘ದೇವರು ಒಳ್ಳೇದು ಮಾಡಲಿ ಕಂದ’ ಅಂತ ಚಿಕ್ಕಮ್ಮ ಬರೆದಿದ್ದರು. ಸೋಮವಾರದ ಹೊತ್ತಿಗೆ ನನಗೆ ಎಲ್ಲ ಮರೆತುಹೋಗಿತ್ತು.

2019ರಲ್ಲಿ ಫೋನ್ ಬಂತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬ್ ನಿಂತಿತ್ತು. ಕ್ರೆಡಿಟ್ ಕಾರ್ಡಿನವರು ಅಂದುಕೊಂಡು ಇಡೋಕೆ ಹೋದೆ. “ಸರ್, ನೀವು ಒಬ್ಬ ರೋಗಿಗೆ ಹೊಂದಿಕೆ ಆಗ್ತಾ ಇದೀರಿ. ಮುಂದಿನ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಇದೆಯಾ?” ಹೂಂ ಅಂದೆ. ಮನೆ ಹತ್ತಿರದ ಲ್ಯಾಬಿನಲ್ಲಿ ರಕ್ತವನ್ನೂ ಕೊಟ್ಟೆ. ಆಮೇಲೆ ರಾತ್ರಿ ಕೂತು ಗೂಗಲ್ ಮಾಡಿದೆ. ಬೆನ್ನುಮೂಳೆಗೆ ಸೂಜಿ ಹಾಕ್ತಾರಂತೆ, ಸೊಂಟ ಬಿದ್ದೋಗುತ್ತಂತೆ, ಮಕ್ಕಳಾಗಲ್ವಂತೆ. ಮ್ಯಾನೇಜರಿಗೆ ಹೇಳಿದರೆ “ರಿಲೀಸ್ ಟೈಮಲ್ಲೇ ಆಗ್ಬೇಕಾ ಗುರು?” ಅಂತ ನಕ್ಕ. ಅರಸೀಕೆರೆಗೆ ಫೋನ್ ಮಾಡಿ, ಯಾರಿಗೋ ಮೂಳೆ ಒಳಗಿಂದ ಏನೋ ಕೊಡಬೇಕಂತೆ ಅಂತ ಅಮ್ಮನಿಗೆ ಹೇಳಿದೆ. ಹೇಳಿದ್ದು ಅಷ್ಟೇ. “ಮದುವೆ ಆಗ್ಬೇಕಾದ ಹುಡುಗ ಕಣಪ್ಪ ನೀನು” ಅಂತ ಅಮ್ಮ ಅಳೋಕೆ ಶುರು ಮಾಡಿದಳು.

ನಾನು ‘ಆಗಲ್ಲ’ ಅನ್ನಲಿಲ್ಲ. ಅಂದಿದ್ದರೆ ಇವತ್ತು ಇಷ್ಟು ಚುಚ್ಚುತ್ತಿರಲಿಲ್ಲವೇನೋ. ನಾನು ಫೋನ್ ಎತ್ತಲಿಲ್ಲ. ಮೂರು ವಾರ ಅದೇ ನಂಬರು ಬೆಳಗ್ಗೆ, ಸಂಜೆ ಹೊಡೆದುಕೊಳ್ಳುತ್ತಿತ್ತು. ನಾನು ಫೋನನ್ನು ಮಗುಚಿ ಇಟ್ಟು ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹೋಗುತ್ತಿದ್ದೆ. ಕೊನೆಗೆ ಬ್ಲಾಕ್ ಮಾಡಿದೆ. ಆ ರೋಗಿ ಗಂಡೋ ಹೆಣ್ಣೋ, ವಯಸ್ಸೆಷ್ಟು, ಈಗ ಇದ್ದಾರೋ ಇಲ್ಲವೋ, ಒಂದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಒಬ್ಬರು ಇದ್ದರು, ಅವರಿಗೆ ನಾನು ಹೊಂದುತ್ತಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಆಫೀಸಿನಲ್ಲಿ ಇಂಥ ಶಿಬಿರ ನಡೆದಾಗ ಟೀ ಶರ್ಟಿಗೋಸ್ಕರ, ಫೋಟೋಗೋಸ್ಕರ, ಪಕ್ಕದ ಸೀಟಿನವರು ಕೊಟ್ಟರು ಅಂತ ಹೆಸರು ಬರೆಸುವುದಾದರೆ ದಯವಿಟ್ಟು ಬರೆಸಬೇಡಿ. ಕಾಫಿ ಕುಡಿದು ಸೀಟಿಗೆ ಹೋಗಿ. ಯಾರಿಗೂ ನಷ್ಟವಿಲ್ಲ.

ಈ ಮಾತು ಕೆಲವರಿಗೆ ಸಿಟ್ಟು ತರಿಸುತ್ತದೆ ಅಂತ ಗೊತ್ತು. ‘ದಾನಿಗಳೇ ಸಿಗದ ದೇಶದಲ್ಲಿ ಬರೋರನ್ನೂ ಓಡಿಸ್ತೀಯಲ್ಲಯ್ಯಾ’ ಅಂತ ಒಬ್ಬ ಗೆಳೆಯ ನೇರವಾಗಿ ಬೈದ. ಅವನ ಮಾತಿನಲ್ಲಿ ಸತ್ಯವಿದೆ. ಆ ಸತ್ಯವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಅಂತ ಕರೆಯುವ ಗುರುತುಗಳಿರುತ್ತವೆ. ಇದು ನಮ್ಮ ಮನೆಯದೋ ಹೊರಗಿನದೋ ಅಂತ ದೇಹದ ಕಾವಲುಗಾರರು ನೋಡುವುದು ಇದನ್ನೇ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ಕಾಯಿಲೆಗಳಲ್ಲಿ ಬೇರೆಯವರ ಮಜ್ಜೆಯನ್ನು ಕಸಿ ಮಾಡಬೇಕಾದರೆ ಈ ಗುರುತುಗಳು ಹೊಂದಬೇಕು. ರಕ್ತದ ಗುಂಪು ಹೊಂದಿಸಿದಷ್ಟು ಸಲೀಸಲ್ಲ ಇದು. ಗುರುತುಗಳು ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ಹಾಗಾಗಿ ಒಡಹುಟ್ಟಿದವರೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮಜ್ಜಿಗೆ ಎಂಟು ಜನ ಮಕ್ಕಳು. ಈಗ ನನಗೆ ಒಬ್ಬಳು ತಂಗಿ, ನನ್ನ ಗೆಳೆಯರಲ್ಲಿ ಅರ್ಧ ಜನಕ್ಕೆ ಯಾರೂ ಇಲ್ಲ. ಮನೆಯಲ್ಲಿ ಸಿಗದಿದ್ದರೆ ಊರಲ್ಲಿ ಹುಡುಕಬೇಕು. ಹಾಗೆ ಹುಡುಕುವುದಕ್ಕೆ ಇರುವುದೇ ಈ ಪಟ್ಟಿ.

ಇಂಥ ಪಟ್ಟಿಯನ್ನು ಮೊದಲು ಶುರು ಮಾಡಿದ್ದು ಒಬ್ಬ ತಾಯಿ. ಮಗ ಆಂಟನಿಗೆ ಹೊಂದುವ ಮಜ್ಜೆ ಸಿಗದೆ ಶರ್ಲಿ ನೋಲನ್ 1974ರಲ್ಲಿ ಲಂಡನ್ನಿನಲ್ಲಿ ದಾನಿಗಳ ಹೆಸರು ಬರೆದಿಡಲು ಆರಂಭಿಸಿದರು. ಆಂಟನಿ 1979ರಲ್ಲಿ, ಏಳನೇ ವಯಸ್ಸಿನಲ್ಲಿ, ಕಸಿಯಾಗದೇ ತೀರಿಕೊಂಡ. ಪಟ್ಟಿ ಉಳಿಯಿತು, ಬೆಳೆಯಿತು. ಇವತ್ತು ಜಗತ್ತಿನ ಇಂಥ ಪಟ್ಟಿಗಳಲ್ಲೆಲ್ಲ ಸೇರಿ ನಾಲ್ಕು ಕೋಟಿಗೂ ಹೆಚ್ಚು ಹೆಸರುಗಳಿವೆ. ನೂರ ನಲವತ್ತು ಕೋಟಿ ಜನರ ನಮ್ಮ ದೇಶದ ಪಾಲು ಅದರಲ್ಲಿ ಕೆಲವೇ ಲಕ್ಷ.

ಬೇರೆ ದೇಶದ ಪಟ್ಟಿ ದೊಡ್ಡದಿದ್ದರೆ ಅಲ್ಲಿಂದಲೇ ತರಿಸಬಹುದಲ್ಲ ಅನ್ನಬೇಡಿ. ಗುರುತುಗಳು ಪೂರ್ವಿಕರಿಂದ ಬರುವಂಥವು. ಮ್ಯಾಟ್ರಿಮೋನಿ ಸೈಟಿನಲ್ಲಿ ಒಳಪಂಗಡದವರೆಗೂ ಫಿಲ್ಟರ್ ಹಾಕುವ ನಾವು, ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ನಮ್ಮ ನಮ್ಮೊಳಗೇ ಕೊಟ್ಟು ತಂದು ಮಾಡಿದವರು. ಗುರುತುಗಳೂ ಆಯಾ ಗುಂಪಿನೊಳಗೇ ಸುತ್ತಿಕೊಂಡಿವೆ. ರಾಯಚೂರಿನ ಹುಡುಗನಿಗಾಗಲಿ, ನ್ಯೂಜೆರ್ಸಿಯಲ್ಲಿ ಹುಟ್ಟಿದ ಕನ್ನಡದ ಮಗುವಿಗಾಗಲಿ ಹೊಂದುವ ಮಜ್ಜೆ ಸಿಗುವ ಸಾಧ್ಯತೆ ಹೆಚ್ಚಿರುವುದು ಈ ನೆಲದ ಜನರಲ್ಲೇ. ಅಂದರೆ ನಿಮ್ಮಲ್ಲಿ, ನನ್ನಲ್ಲಿ. ಎಲ್ಲ ಜಾತಿಯವರೂ, ಎಲ್ಲ ಜಿಲ್ಲೆಯವರೂ ಪಟ್ಟಿಯಲ್ಲಿರಬೇಕು ಅನ್ನುವುದು ಭಾಷಣದ ಮಾತಲ್ಲ, ಲೆಕ್ಕದ ಮಾತು.

ಹಾಗಾದರೆ ಗೆಳೆಯ ಹೇಳಿದ್ದು ಸರಿಯೇ ತಾನೆ? ಹೆಸರು ಹೆಚ್ಚಿದಷ್ಟೂ ಒಳ್ಳೆಯದು? ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, 2022ರ ತನಕ.

ಆ ವರ್ಷ ನಮ್ಮ ಟೀಮಿನ ಹುಬ್ಬಳ್ಳಿಯ ಗೆಳೆಯನ ಅಣ್ಣನ ಮಗಳಿಗೆ ರಕ್ತದ ಕ್ಯಾನ್ಸರ್ ಎರಡನೇ ಸಲ ಮರುಕಳಿಸಿತ್ತು. ಒಂಬತ್ತು ವರ್ಷದ ಹುಡುಗಿ. ಚಿಕಿತ್ಸೆಗೆ ಬೆಂಗಳೂರಿಗೆ ಕರೆತಂದಿದ್ದರು. ಪ್ಲೇಟ್‌ಲೆಟ್ ಬೇಕು ಅಂತ ವಾಟ್ಸ್‌ಆಪ್ ಗ್ರೂಪಿನಲ್ಲಿ ಬಂತು, ನನ್ನ ಗುಂಪೇ ಆಗಿದ್ದರಿಂದ ಹೋದೆ. ತೋಳಿಗೆ ಸೂಜಿ ಹಾಕಿ ಒಂದು ಮಷೀನಿಗೆ ಜೋಡಿಸಿದರು. ರಕ್ತ ಮಷೀನಿಗೆ ಹೋಗುತ್ತದೆ, ಅದರಿಂದ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತಾರೆ. ಗಂಟೆಗೂ ಹೆಚ್ಚು ಹೊತ್ತು ಸುಮ್ಮನೆ ಕೂತಿರಬೇಕು. ಕೂತವನಿಗೆ ಏನೋ ಹೊಳೆದು, ಅಲ್ಲಿದ್ದ ಟೆಕ್ನಿಷಿಯನ್ನನ್ನು ಕೇಳಿದೆ: ಮಜ್ಜೆ ಕೊಡುವವರಿಗೆ ಹೇಗೆ ಮಾಡ್ತೀರಿ?

“ಇದೇ ಥರದ ಮಷೀನು ಸರ್. ಮುಂಚೆ ನಾಲ್ಕೈದು ದಿನ ಇಂಜೆಕ್ಷನ್ ಇರುತ್ತೆ. ಆಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಅಷ್ಟೆ.”

ಮೂರು ವರ್ಷದ ಹಿಂದೆ ನಾನು ಓಡಿಹೋಗಿದ್ದು ಈ ಕುರ್ಚಿಯಿಂದ. ಬೆನ್ನುಮೂಳೆಯೂ ಇಲ್ಲ, ಸೊಂಟವೂ ಇಲ್ಲ. ಹತ್ತು ನಿಮಿಷ ಸರಿಯಾದವರನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ನನಗೆ ಹೆದರಿಕೆ ಇತ್ತು ಅನ್ನುವುದು ನಿಜ. ಹೆದರಿಕೆಯನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ ಅನ್ನುವುದು ಅದಕ್ಕಿಂತ ನಿಜ.

ಹೊರಗೆ ಬಂದರೆ ಕಾರಿಡಾರಿನಲ್ಲಿ ಹುಡುಗಿಯ ಅಪ್ಪ ಕೂತಿದ್ದರು. ಅವರ ಮಗಳಿಗೆ ಪಟ್ಟಿಯಲ್ಲಿ ಒಬ್ಬ ದಾನಿ ಸಿಕ್ಕಿದ್ದ. ಎಲ್ಲಿಯವನು, ಯಾರು ಅಂತ ಹೇಳುವುದಿಲ್ಲ. ಕಸಿಯಾಗಿ ಒಂದೆರಡು ವರ್ಷ ಕಳೆಯುವವರೆಗೆ ಎರಡೂ ಕಡೆಯವರ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಹುಡುಗಿಯನ್ನು ಆಗಲೇ ಪ್ರತ್ಯೇಕ ಕೋಣೆಗೆ ಸೇರಿಸಿ ಔಷಧ ಶುರು ಮಾಡಿದ್ದರು. ನನ್ನ ಕೈ ಹಿಡಿದುಕೊಂಡು ಕೇಳಿದರು: “ಅವ್ರು ಬರ್ತಾರಲ್ರೀ ಸರ? ನಡಕ್ಕ ಕೈ ಬಿಡಂಗಿಲ್ಲ ಹೌದಲ್ರೀ?”

ಬರ್ತಾರೆ ಅಂದೆ. ಅವರ ಮುಖ ನೋಡಿ ಹೇಳುವುದಕ್ಕೆ ಆಗಲಿಲ್ಲ.

ಅವರು ಯಾಕೆ ಹಾಗೆ ಕೇಳಿದರು ಅನ್ನುವುದು ಶಿಬಿರಗಳಲ್ಲಿ ಯಾರೂ ನಮಗೆ ಬಿಡಿಸಿ ಹೇಳದ ಸಂಗತಿ. ಕಸಿಗೆ ಮುಂಚೆ ಸುಮಾರು ಒಂದು ವಾರ ರೋಗಿಗೆ ಭಾರೀ ಪ್ರಮಾಣದ ಕೀಮೋಥೆರಪಿ ಕೊಡುತ್ತಾರೆ, ಕೆಲವೊಮ್ಮೆ ವಿಕಿರಣ ಕೂಡ. ಕಾಯಿಲೆ ಹಿಡಿದ ಮಜ್ಜೆಯನ್ನು ಸುಟ್ಟು ಹೊಸದಕ್ಕೆ ಜಾಗ ಮಾಡುವುದು ಅದರ ಉದ್ದೇಶ. ಅದಾದ ಮೇಲೆ ಆ ದೇಹ ತನ್ನ ರಕ್ತವನ್ನು ತಾನೇ ತಯಾರಿಸಿಕೊಳ್ಳಲಾರದು, ಒಂದು ನೆಗಡಿಯನ್ನೂ ತಡೆಯಲಾರದು. ಹೆಚ್ಚೂ ಕಡಿಮೆ ಅದೇ ದಿನಗಳಲ್ಲಿ, ಎಲ್ಲೋ ಇನ್ನೊಂದು ಊರಿನಲ್ಲಿ, ದಾನಿಗೆ ಮಜ್ಜೆಯ ಕೋಶಗಳನ್ನು ರಕ್ತಕ್ಕೆ ಇಳಿಸುವ ಇಂಜೆಕ್ಷನ್ ನಡೆಯುತ್ತಿರುತ್ತದೆ. ಈ ದಾನಿಗೆ ಕಾನೂನಿನ ಬಂಧನವಿಲ್ಲ. ಯಾವ ಕ್ಷಣದಲ್ಲಿ ಬೇಕಾದರೂ ಬೇಡ ಅನ್ನಬಹುದು, ಯಾರೂ ಎಳೆದುಕೊಂಡು ಬರುವಂತಿಲ್ಲ. ಹಾಗೇ ಇರಬೇಕು ಕೂಡ, ಬಲವಂತವಾದರೆ ಅದು ದಾನವಲ್ಲ. ಆದರೆ ಆ ವಾರ ಅವನು ಬೇಡ ಅಂದರೆ ಒಳಗೆ ಮಲಗಿದ ಮಗುವಿಗೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ.

ಪುಣ್ಯಕೋಟಿಯ ಕಥೆ ಕೇಳದೆ ಬೆಳೆದ ಕನ್ನಡಿಗರಿಲ್ಲ. ಆಡಿದ ಮಾತಿಗೆ ನಡೆದ ಹಸುವಿನ ಬಗ್ಗೆ ನಾವು ಕಣ್ಣೀರು ಹಾಕಿದ್ದೇವೆ. ನನಗೆ ಆ ಕಾರಿಡಾರಿನಲ್ಲಿ ನೆನಪಾದದ್ದು ಹುಲಿ. ಹಸಿದ ಹುಲಿ, ಬರೀ ಒಂದು ಮಾತನ್ನು ನಂಬಿ ಬಾಯಿಗೆ ಬಂದದ್ದನ್ನು ಬಿಟ್ಟುಕೊಟ್ಟಿತು. ಪುಣ್ಯಕೋಟಿ ವಾಪಸ್ ಬರದಿದ್ದರೆ ಅದು ಏನಾಗುತ್ತಿತ್ತು ಅಂತ ಯಾವ ಮೇಷ್ಟ್ರೂ ನಮ್ಮನ್ನು ಕೇಳಲಿಲ್ಲ. ಮಾತು ಕೊಟ್ಟವರ ದೊಡ್ಡತನವನ್ನು ಹಾಡಿದೆವು, ನಂಬಿ ಕೂತವರ ಕಡೆ ನೋಡಲಿಲ್ಲ.

ನಾನು ಕೈಕೊಟ್ಟದ್ದು ಅಷ್ಟು ಮುಂದಿನ ಹಂತದಲ್ಲಿ ಅಲ್ಲ, ನಿಜ. ಅದಕ್ಕೆ ಎಷ್ಟೋ ಮುಂಚೆಯೇ. ಹಾಗಂತ ಸಮಾಧಾನ ಮಾಡಿಕೊಂಡು ನೋಡಿದೆ, ಆಗಲಿಲ್ಲ. ಈಗೀಗ ಅರ್ಧ ಹೊಂದುವ ಅಪ್ಪ ಅಮ್ಮನ ಮಜ್ಜೆಯಿಂದಲೂ ಕಸಿ ಮಾಡುತ್ತಾರೆ. ಪಟ್ಟಿಯಲ್ಲಿ ಇನ್ನೊಬ್ಬರು ಇರಬಹುದು. ಬೇರೆ ಔಷಧ ಇರಬಹುದು. ಆದರೆ ವೈದ್ಯರು ಆ ದಾರಿ ಹಿಡಿಯಬೇಕಾದರೆ ಈ ದಾರಿ ಮುಚ್ಚಿದೆ ಅಂತ ಗೊತ್ತಾಗಬೇಕಲ್ಲ? ಎರಡು ಅಕ್ಷರದ ‘ಇಲ್ಲ’ ಅವರಿಗೆ ಮೂರು ವಾರ ಉಳಿಸುತ್ತಿತ್ತು. ಕ್ಯಾನ್ಸರ್ ಇನ್ನೊಂದು ಸಲ ತಲೆಯೆತ್ತಲು ಮೂರು ವಾರ ಕಡಿಮೆ ಸಮಯವೇನಲ್ಲ. ನಾನು ಹೂಂ ಅಂದು ಮಾಯವಾದೆ. ಖಾಲಿ ಪಟ್ಟಿ ‘ಯಾರೂ ಇಲ್ಲ’ ಅಂತ ನಿಜವನ್ನಾದರೂ ಹೇಳುತ್ತದೆ. ನನ್ನಂಥವರ ಹೆಸರಿರುವ ಪಟ್ಟಿ ‘ಇದ್ದಾರೆ’ ಅಂತ ಸುಳ್ಳು ಹೇಳುತ್ತದೆ.

ಆ ಸುಳ್ಳಿಗೆ ದುಡ್ಡೂ ಖರ್ಚಾಗುತ್ತದೆ. ಕೆನ್ನೆಯ ಒಂದೊಂದು ಕಡ್ಡಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು, ಅದು ಯಾರೋ ದೇಣಿಗೆ ಕೊಟ್ಟ ಹಣ.

ಈಗ ನಮ್ಮ ನಮ್ಮ ಆಫೀಸುಗಳ ಬಗ್ಗೆ ಎರಡು ಮಾತು. ಶಿಬಿರ ಮುಗಿದ ಸಂಜೆ ‘ಇವತ್ತು ಮುನ್ನೂರು ಜನ ಹೀರೋಗಳು’ ಅಂತ ಎಲ್ಲರಿಗೂ ಮೇಲ್ ಬರುತ್ತದೆ, ಲಿಂಕ್ಡ್‌ಇನ್‌ನಲ್ಲಿ ಫೋಟೋ ಏರುತ್ತದೆ. ಆ ಮುನ್ನೂರರಲ್ಲಿ ಒಬ್ಬನಿಗೆ ಮುಂದೆ ಕರೆ ಬಂದರೆ ಎಷ್ಟು ದಿನ ಸಂಬಳಸಹಿತ ರಜೆ ಕೊಡುತ್ತೀರಿ ಅಂತ ಕೇಳಿ ನೋಡಿ, ಮೀಟಿಂಗ್ ರೂಮಿನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಾರೆ. ವೈದ್ಯಕೀಯ ತಪಾಸಣೆ, ಇಂಜೆಕ್ಷನ್, ಕೊಡುವ ದಿನ, ಆಮೇಲಿನ ಸುಸ್ತು, ಎಲ್ಲ ಸೇರಿ ಒಂದು ವಾರದ ಮಾತು. ಅಷ್ಟು ಬರೆದುಕೊಡಲಾಗದ ಕಂಪನಿ ಶಿಬಿರ ಮಾಡಬಾರದು. ಜೀವ ಉಳಿಸುವ ಕೀರ್ತಿ ಕಂಪನಿಗೆ, ಸಿಕ್ ಲೀವ್ ಮಾತ್ರ ನಮ್ಮದು ಅಂದರೆ ಯಾವ ನ್ಯಾಯ?

ಹೀರೋ ಅನ್ನುವ ಪದದ ಮೇಲೂ ನನಗೆ ಸಿಟ್ಟಿದೆ. ಕಡ್ಡಿ ಕಡಿದದ್ದಕ್ಕೇ ಹೀರೋ ಆದಮೇಲೆ ಮುಂದೆ ಮಾಡಲಿಕ್ಕೆ ಏನು ಉಳಿಯಿತು? ಹೊಗಳಿಕೆಯನ್ನು ಮುಂಗಡವಾಗಿ ಕೊಟ್ಟುಬಿಟ್ಟರೆ ಕೆಲಸ ಬಾಕಿ ಉಳಿಯುತ್ತದೆ. ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಗೊತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಕೊಡಲು ಜನ ಮುಗಿಬಿದ್ದರು. ನಾನೂ ಕೊಟ್ಟೆ. ಅಪ್ಪು ನಮ್ಮ ಕೈಲಿ ಮಾಡಿಸಿದ ದೊಡ್ಡ ಕೆಲಸ ಅದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನೇತ್ರದಾನದ ಪತ್ರ ನನ್ನಿಂದ ಈಗ ಏನನ್ನೂ ಕೇಳುವುದಿಲ್ಲ. ನಾನು ಸತ್ತ ಮೇಲೆ ಮನೆಯವರು ಒಂದು ಫೋನ್ ಮಾಡಿದರೆ ಆಯಿತು. ಮಜ್ಜೆಯ ಪತ್ರ ಹಾಗಲ್ಲ. ಅದು ನಾನು ಬದುಕಿರುವಾಗಲೇ, ಅದೂ ನನಗೆ ಅನುಕೂಲವಿಲ್ಲದ ದಿನವೇ, ರಿಲೀಸ್ ವಾರದಲ್ಲೋ ತಂಗಿಯ ಸೀಮಂತದ ದಿನವೋ ಬಂದು ಬಾಗಿಲು ಬಡಿಯುತ್ತದೆ. ಬಡಿಯದೆಯೂ ಇರಬಹುದು. ಹೆಸರು ಬರೆಸಿದ ಬಹುಪಾಲು ಜನಕ್ಕೆ ಆ ಕರೆ ಬರುವುದೇ ಇಲ್ಲ. ಅದಕ್ಕೇ ನಮಗೆ ಇದು ಸಲೀಸು ಅನ್ನಿಸುವುದು. ಬರಲಾರದು ಅನ್ನುವ ಧೈರ್ಯದ ಮೇಲೆ ಕೊಟ್ಟ ಮಾತು ಮಾತಲ್ಲ, ಲಾಟರಿ ಟಿಕೆಟ್ಟು.

ಹಾಗಾದರೆ ಹೆಸರು ಬರೆಸುವ ಮುಂಚೆ ಏನು ತಿಳಿದಿರಬೇಕು? ನೋವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಇಂಜೆಕ್ಷನ್ ನಡೆಯುವ ದಿನಗಳಲ್ಲಿ ಮೂಳೆ ಹಿಂಡಿದಂತೆ ನೋವು, ತಲೆನೋವು, ಜ್ವರ ಬಂದು ಬಿಟ್ಟಂಥ ಸುಸ್ತು ಸಾಮಾನ್ಯ. ಕೊಟ್ಟ ಕೆಲವು ದಿನಗಳಲ್ಲಿ ಹೋಗುತ್ತದೆ. ಕೊಡುವ ದಿನ ಮಷೀನಿನ ಮುಂದೆ ನಾಲ್ಕರಿಂದ ಆರು ಗಂಟೆ ಕೂರಬೇಕು, ಕೆಲವರು ಮರುದಿನವೂ. ಕೆಲವು ರೋಗಿಗಳಿಗೆ ಮಜ್ಜೆಯೇ ಬೇಕಾಗುತ್ತದೆ. ಆಗ ಪೂರ್ತಿ ಅರಿವಳಿಕೆ ಕೊಟ್ಟು ಸೊಂಟದ ಹಿಂಬದಿಯ ಮೂಳೆಯಿಂದ ತೆಗೆಯುತ್ತಾರೆ, ಬೆನ್ನುಹುರಿಯಿಂದ ಅಲ್ಲವೇ ಅಲ್ಲ. ಅರಿವಳಿಕೆಯ ಸಣ್ಣ ಅಪಾಯ ಎಲ್ಲ ಕಡೆ ಇರುವಂತೆ ಇಲ್ಲೂ ಇದೆ. ಕೊಟ್ಟದ್ದನ್ನು ಮೈ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ದಾನಿಗೆ ಖರ್ಚಿಲ್ಲ, ಪ್ರತಿಫಲವಾಗಿ ದುಡ್ಡೂ ಇಲ್ಲ. ಇದನ್ನೆಲ್ಲ ಮನೆಯಲ್ಲಿ ಅಪ್ಪ ಅಮ್ಮನಿಗೆ, ಮದುವೆಯಾಗಿದ್ದರೆ ಹೆಂಡತಿಗೆ, ಗಂಡನಿಗೆ ಕೂರಿಸಿಕೊಂಡು ಹೇಳಿ. ಕರೆ ಬಂದ ದಿನ ಹೇಳಬೇಡಿ, ಹೆಸರು ಬರೆಸುವ ಮುಂಚೆ ಹೇಳಿ. ನಂಬರು ಬದಲಾದರೆ, ಊರು ಬದಲಾದರೆ ತಿಳಿಸಿ. ಮನಸ್ಸು ಬದಲಾದರೆ ಅದನ್ನೂ ತಿಳಿಸಿ, ಹೆಸರು ತೆಗೆಸಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಾಚಿಕೆಯಾಗಬೇಕಾದದ್ದು ಬ್ಲಾಕ್ ಮಾಡುವುದಕ್ಕೆ.

ಇಷ್ಟೆಲ್ಲ ಕೇಳಿಯೂ ನೀವು ಬರೆಸುತ್ತೀರಿ ಅಂದರೆ, ದಯವಿಟ್ಟು ಇವತ್ತೇ ಬರೆಸಿ. ದಾತ್ರಿ ಇದೆ, ಡಿಕೆಎಂಎಸ್ ಇಂಡಿಯಾ ಇದೆ. ಆರೋಗ್ಯವಂತರಾಗಿದ್ದು ಹದಿನೆಂಟು ದಾಟಿದ್ದರೆ ವಿಚಾರಿಸಬಹುದು, ವಯಸ್ಸು ಕಡಿಮೆಯಿದ್ದಷ್ಟೂ ಒಳ್ಳೆಯದು. ನನ್ನ ಗೆಳೆಯ ಹೆದರಿದಂತೆ ಈ ಮಾತಿನಿಂದ ಹತ್ತು ಜನ ಹಿಂದೆ ಸರಿದರೆ ಸರಿಯಲಿ. ಇಬ್ಬರು ತಿಳಿದು ಮುಂದೆ ಬಂದರೆ ಆ ಕಾರಿಡಾರಿನಲ್ಲಿ ಕೂತ ಅಪ್ಪನಿಗೆ ಆ ಇಬ್ಬರೇ ಸಾಕು.

ಹುಬ್ಬಳ್ಳಿಯ ಹುಡುಗಿಯ ದಾನಿ ಬಂದ. ಒಂದು ಸಂಜೆ ಕೂಲ್ ಬಾಕ್ಸ್ ಹಿಡಿದು ಒಬ್ಬರು ಲಿಫ್ಟಿನಿಂದ ಇಳಿದರು, ಅದರೊಳಗೆ ಟೊಮೆಟೊ ಸಾರಿನ ಬಣ್ಣದ ಒಂದು ಚೀಲ. ಅಷ್ಟೇ. ಅದರ ಮೇಲೆ ಜಾತಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಹುಡುಗಿಯ ರಕ್ತದ ಗುಂಪು ಈಗ ಅವನದೇ ಆಗಿದೆ. ಮೊನ್ನೆ ಶಾಲೆಯ ಫಾರಂನಲ್ಲಿ ತಿದ್ದಿಸಿ ಬಂದೆವು ಅಂತ ಗೆಳೆಯ ಹೇಳಿದ.

ನಾನು ಆ ನಂಬರನ್ನು ಅನ್‌ಬ್ಲಾಕ್ ಮಾಡಿ ಫೋನ್ ಮಾಡಿದೆ. ಕ್ಷಮೆ ಕೇಳಲು ಹೋದರೆ ಆ ಕಡೆಯ ಹುಡುಗಿ ಬೈಯಲಿಲ್ಲ, “ಇನ್ನೂ ಪಟ್ಟಿಯಲ್ಲಿ ಇರ್ತೀರಾ ಸರ್?” ಅಂದಳು. ನಾಳೆ ಹೇಳ್ತೀನಿ ಅಂದೆ. ಆ ರಾತ್ರಿ ಅರಸೀಕೆರೆ ಬಸ್ ಹತ್ತಿ, ಬೆಳಗ್ಗೆ ಅಡುಗೆಮನೆ ಕಟ್ಟೆಯ ಮೇಲೆ ಕೂತು ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮಷೀನು, ಇಂಜೆಕ್ಷನ್ನು, ಕಾರಿಡಾರಿನಲ್ಲಿ ಕೂತ ಅಪ್ಪ. ಇಷ್ಟು ದಿನ ‘ಅಮ್ಮ ಒಪ್ಪಲಿಲ್ಲ’ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಿ ಕೇಳಿದಳು:

“ಅವತ್ತು ಹಿಂಗೆ ಹೇಳ್ಲೇ ಇಲ್ವಲ್ಲೋ. ಆವಾಗ ನಿನ್ನ ಕೇಳಿದ್ರಲ್ಲ, ಅವ್ರೇನಾದ್ರು?”

ಗೊತ್ತಿಲ್ಲಮ್ಮ ಅಂದೆ. ಆಮೇಲೆ ಅಂಗಳಕ್ಕೆ ಹೋಗಿ ಫೋನ್ ಮಾಡಿ, ಇರ್ತೀನಿ ಅಂತ ಹೇಳಿದೆ.